ಮೂವತ್ತೊಂಬತ್ತು ತಟ್ಟೆ, ಒಂದೇ ಮೈ

ಹೆಣ್ಣಿನ ದೇಹವನ್ನು ಮಣ್ಣಿನಲ್ಲಿ ನುಡಿಸಿದ ಕೃತಿ ಯಾವುದೆಂದು ಕೇಳಿದರೆ ಅಮೆರಿಕದ ಕಲಾವಿದೆ ಜೂಡಿ ಶಿಕಾಗೊ ಅವರ ‘ದಿ ಡಿನ್ನರ್ ಪಾರ್ಟಿ’ಯ ಹೆಸರು ಥಟ್ಟನೆ ಬರುತ್ತದೆ. 1979ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕಾಣಿಸಿಕೊಂಡು 2007ರಿಂದ ಬ್ರೂಕ್ಲಿನ್ ಮ್ಯೂಸಿಯಂನಲ್ಲಿ ನೆಲೆನಿಂತ ಆ ತ್ರಿಕೋನ ಮೇಜಿನ ಕತೆ ಎಲ್ಲರಿಗೂ ಗೊತ್ತು. ನನ್ನ ತಕರಾರಿರುವುದು ಅದರ ಸುತ್ತ ಬೆಳೆದ ಭಕ್ತಿಯ ಬಗ್ಗೆ. ಇತಿಹಾಸ, ಪುರಾಣಗಳ 39 ಹೆಣ್ಣುಗಳಿಗೆ ಮಣೆ ಹಾಕಿದ ಮೇಲೂ ತಟ್ಟೆಯಲ್ಲಿರುವುದು ಹೆಚ್ಚುಕಡಿಮೆ ಒಂದೇ: ಚಿಟ್ಟೆಯೋ ಹೂವೋ ಎನ್ನುವಂತೆ ಅರಳಿದ ಯೋನಿಯಾಕಾರ. ಸಾಫೋಗೂ ಅದೇ, ವರ್ಜೀನಿಯಾ ವುಲ್ಫ್‌ಗೂ ಅದೇ. ನಾಲಗೆ ಚಾಚಿ ಕುಣಿಯುವ ನಮ್ಮ ಕಾಳಿಯೂ ಆ ಪಂಕ್ತಿಯಲ್ಲಿ ಕೂತು ಸಾಧುವಾಗಿದ್ದಾಳೆ! ಸುಕ್ಕು, ಬೊಜ್ಜು, ಮುಪ್ಪು, ಕನ್ನಡಿಯೆದುರು ಹೆಣ್ಣು ದಿನವೂ ಜಗಳವಾಡುವ ಮೈ ಈ ಊಟಕ್ಕೆ ಬಂದೇ ಇಲ್ಲ.

ಈ ಹಟವನ್ನು ಮುರಿಯುವುದು ಕವಿ ಎಮಿಲಿ ಡಿಕಿನ್ಸನ್ ಅವರ ತಟ್ಟೆ. ನೀರಾಗಿ ಕಲಸಿದ ಪಿಂಗಾಣಿ ಮಣ್ಣಿನಲ್ಲಿ ಲೇಸನ್ನು ಅದ್ದಿ ಸುಟ್ಟರೆ ನೂಲು ಉರಿದುಹೋಗುತ್ತದೆ, ಅದಕ್ಕೆ ಮೆತ್ತಿದ ಮಣ್ಣು ಉಳಿಯುತ್ತದೆ. ಯುರೋಪಿನ ಪಿಂಗಾಣಿ ಗೊಂಬೆಗಳ ಲಂಗಕ್ಕೆ ನೆರಿಗೆ ಕೊಡುತ್ತಿದ್ದ ಹಳೆಯ ತಂತ್ರ. ಇಲ್ಲಿ ಆ ನೆರಿಗೆ ಗುಲಾಬಿ ಬಣ್ಣದಲ್ಲಿ ಪದರಪದರವಾಗಿ ನಡುವಿನ ಆಕಾರವನ್ನು ಸುತ್ತುವರಿದಿದೆ. ಮುಚ್ಚುತ್ತಿದೆಯೋ, ತೋರಿಸುತ್ತಿದೆಯೋ? ಕಣ್ಣಿಗೆ ಮೃದು, ಮುಟ್ಟಹೋದರೆ ಪಟ್ಟನೆ ಮುರಿದು ಬೆರಳು ಕೊಯ್ಯುವಷ್ಟು ಬಿರುಸು. ಬಟ್ಟೆ ಸುಟ್ಟುಹೋಗಿ ಅದು ಹೊದಿಸಿದ್ದ ನಾಚಿಕೆ ಗಟ್ಟಿಯಾಗಿ ನಿಂತಿದೆ. ಹೆಣ್ತನವೆಂಬ ಉಡುಪು ಮೈಗೇ ಅಂಟಿಕೊಳ್ಳುವ ಬಗೆಯನ್ನು ಹೇಳಲು ನಡುವಿನ ಚಿಹ್ನೆ ಬೇಕೇ ಇರಲಿಲ್ಲ. ಆವಿಗೆಯೇ ಹೇಳಿಬಿಟ್ಟಿದೆ.

ಕಲಾ ವಿಮರ್ಶಕ ಹಿಲ್ಟನ್ ಕ್ರೇಮರ್ 1980ರಲ್ಲಿ ಇಡೀ ಕೃತಿ ಅಸಭ್ಯವೆಂದು ತೀರ್ಪುಕೊಟ್ಟರು. ಅವರು ವಿಷಯ ನೋಡಿದರು, ಕಸುಬು ನೋಡಲಿಲ್ಲ. ಪಿಂಗಾಣಿಯ ಮೇಲೆ ಬಣ್ಣ ಬರೆದು ಮತ್ತೆ ಮತ್ತೆ ಸುಡುವುದು ಅಮೆರಿಕದಲ್ಲಿ ಗೃಹಿಣಿಯರ ಹವ್ಯಾಸವೆಂದು ಮೂಲೆಗುಂಪಾಗಿದ್ದ ವಿದ್ಯೆ. ಶಿಕಾಗೊ ಅದನ್ನು ಶ್ರದ್ಧೆಯಿಂದ ಕಲಿತು ಮ್ಯೂಸಿಯಂಗೆ ತಂದರು. ಅದನ್ನು ಗಮನಿಸದೆ ಮಡಿವಂತಿಕೆಯನ್ನೇ ಅಭಿರುಚಿಯೆಂದು ಮೆರೆಸುವುದು ವಿಮರ್ಶೆಯಲ್ಲ. ಕೃತಿಯ ಪರ ವಕಾಲತ್ತು ವಹಿಸಿದವರೂ ಕ್ರೇಮರ್ ಬಲೆಗೇ ಬಿದ್ದರು. ಅಸಭ್ಯವಲ್ಲವೆಂದು ಸಾಧಿಸುವ ಭರದಲ್ಲಿ, ತಟ್ಟೆಗೂ ತಟ್ಟೆಗೂ ವ್ಯತ್ಯಾಸವೆಷ್ಟು ಎಂದು ಕೇಳುವುದನ್ನೇ ಬಿಟ್ಟರು.

ಕೇಳಿದವರು ಲೇಖಕಿ ಆಲಿಸ್ ವಾಕರ್ ಮತ್ತು ವಿಮರ್ಶಕಿ ಹಾರ್ಟೆನ್ಸ್ ಸ್ಪಿಲ್ಲರ್ಸ್. ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಸೊಜರ್ನರ್ ಟ್ರೂತ್‌ಗೆ ಯೋನಿಯಾಕಾರದ ಬದಲು ಶಿಕಾಗೊ ಮೂರು ಮುಖ ಬಡಿಸಿದ್ದಾರೆ. ಬಿಳಿಯ ಹೆಂಗಸರಿಗೆ ಒಪ್ಪಿದ ಕಾಮ ಕಪ್ಪು ಹೆಂಗಸಿಗೆ ಏಕಿಲ್ಲ ಎಂಬ ಇವರಿಬ್ಬರ ಆಕ್ಷೇಪ ಸರಿಯೇ. ನನ್ನದು ಅದರ ಮಗ್ಗುಲಿನ ಪ್ರಶ್ನೆ: ಮುಖ ಬರೆಯಲು ಬರುತ್ತಿದ್ದ ಕೈ ವುಲ್ಫ್‌ಗೂ ಸಾಫೋಗೂ ಅದನ್ನೇಕೆ ಕೊಡಲಿಲ್ಲ?