ಸರದಿಯ ಸೊಗಸು

ಟೆಲಿಫೋನ್ ಕರೆಗಳಿಗೆ 1909ರಲ್ಲಿ ಸಂಭವನೀಯತೆಯ ಲೆಕ್ಕ ಹಚ್ಚಿದವರು ಕೋಪನ್‌ಹೇಗನ್ನಿನ ಎರ್ಲಾಂಗ್. ಅಲ್ಲಿ ಮೊಳೆತ, ಕಾಯುವ ಸಾಲುಗಳನ್ನು ಲೆಕ್ಕಹಾಕುವ ಸರದಿ ಸಿದ್ಧಾಂತ ಇಂದು ರೋಬೋಟ್ ತಯಾರಿಸುವ ಕಾರ್ಖಾನೆಗೂ ದಾರಿ ತೋರಬಲ್ಲದು.

1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿದ ನಿಯಮ ನನಗೆ ಅಚ್ಚುಮೆಚ್ಚು: ಕೆಲಸಗಳು ಬರುವ ಸರಾಸರಿ ವೇಗವನ್ನು ಅವು ಒಳಗೆ ಉಳಿಯುವ ಸರಾಸರಿ ಕಾಲದಿಂದ ಗುಣಿಸಿದರೆ ಒಳಗಿರುವ ಕೆಲಸಗಳ ಸರಾಸರಿ ಸಂಖ್ಯೆ ಸಿಗುತ್ತದೆ. ದಿನಕ್ಕೆ 10 ರೋಬೋಟ್‌ಗಳ ಕೆಲಸ ಶುರುವಾಗಿ ಅಷ್ಟೇ ಹೊರಬರುವ ಘಟಕದಲ್ಲಿ 60 ಅರೆಬರೆಯಾಗಿ ನಿಂತಿದ್ದರೆ, ಒಂದೊಂದಕ್ಕೂ ಸರಾಸರಿ 6 ದಿನ. ಅದೇ ವೇಗ ಉಳಿಸಿಕೊಂಡು 60ನ್ನು 30ಕ್ಕೆ ಇಳಿಸಿದರೆ 3 ದಿನ ಸಾಕು.

ಅದೇ ಘಟಕದಲ್ಲಿ ರೋಬೋಟ್‌ಗಳನ್ನು ಪರೀಕ್ಷಿಸುವ ಯಂತ್ರ ಸದಾ ದುಡಿಯುತ್ತಿರಲಿ ಎಂಬ ಆಸೆ ಸಹಜ. ಆದರೆ ಒಂದೇ ಯಂತ್ರದ ಸರಳ ಮಾದರಿಯಲ್ಲಿ ಯಂತ್ರ ದುಡಿಯುವ ಸಮಯ ಶೇ. 80ರಿಂದ 90ಕ್ಕೆ ಏರಿದರೆ, ಅಲ್ಲಿ ಕಾಯುತ್ತಿರುವ ಮತ್ತು ನಡೆಯುತ್ತಿರುವ ಕೆಲಸಗಳು ಸರಾಸರಿ 4ರಿಂದ 9ಕ್ಕೆ ಜಿಗಿಯುತ್ತವೆ. ತುಸು ಬಿಡುವಿದ್ದರೇ ಕೆಲಸ ಸರಾಗ ಎಂದು ಗಣಿತವೇ ಸಾಧಿಸಿಕೊಡುವುದು ಎಷ್ಟು ಚೆಂದ!