ಭಟ್ಟರ ಹಿನ್ನೊಟ್ಟು, ಜನರ ಹಿನ್ನೊಟ್ಟು

ಬಳ್ಳಾರಿಯಲ್ಲಿ ಕೆಲಸ ಮಾಡಿದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ಕೋಶ 1824ರಲ್ಲಿ ಹೊರಬಂತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯ ಮಕ್ಕಳು ಇಂದಿಗೂ ಇಂಗ್ಲಿಷ್ ಕಲಿಯುವುದು ಆ ಬಗೆಯಲ್ಲೇ: ಎಡಕ್ಕೆ ಪದ, ಬಲಕ್ಕೆ ಅರ್ಥ, ನಡುವೆ ಉರು.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಹಿಡಿದ ದಾರಿ ಬೇರೆ. 'ಎರ್', 'ನೆಸ್', 'ಲೆಸ್' ತರಹದ ಹಿನ್ನೊಟ್ಟುಗಳನ್ನೇ, ಅಂದರೆ ಪದದ ಕೊನೆಗೆ ಸೇರುವ ಪ್ರತ್ಯಯಗಳನ್ನೇ, ಎತ್ತಿಕೊಂಡು, ಅವು ಮಾಡುವ ಕೆಲಸವನ್ನು ಕನ್ನಡ ಹೇಗೆ ಮಾಡುತ್ತದೆಂದು ಅವರು ಕೇಳಿದರು. ಒಂದು ಹಿನ್ನೊಟ್ಟಿನ ಗುಟ್ಟು ತಿಳಿದರೆ ಹತ್ತಾರು ಪದ ಬಿಡಿಸಿಕೊಳ್ಳಬಹುದು. ನಮ್ಮ ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ಕ್ರಮ ನನಗಂತೂ ಕಂಡಿಲ್ಲ.

ನನ್ನ ತಕರಾರು ಅವರು ಆರಿಸಿಕೊಂಡ ಸಾಮಗ್ರಿಯ ಬಗ್ಗೆ. ನೆಲೆಯೂರಿದ ಎರವಲು ಪದಗಳನ್ನು ಕಿತ್ತೆಸೆಯಿರಿ ಎಂದವರಲ್ಲ ಭಟ್ಟರು. ಹೊಸದನ್ನು ಕಟ್ಟುವಾಗ ಕನ್ನಡದ್ದನ್ನೇ ಬಳಸಿ ಎಂದರು. ಆದರೆ ವಿಜ್ಞಾನಕ್ಕೆ ಬದಲಾಗಿ ಬಂದ 'ಅರಿಮೆ'ಯನ್ನೇ ನೋಡಿ. ಹಿರಿಮೆ, ಜಾಣ್ಮೆಗಳಲ್ಲಿ ಉಳಿದಿರುವ ಈ 'ಮೆ' ಹಚ್ಚಿ ಸಂತೆಯಲ್ಲಿ ಯಾರೂ ಹೊಸಪದ ಹುಟ್ಟಿಸುವುದಿಲ್ಲ. ಹುಟ್ಟಿಸುವ ಕಸುವಿರುವುದು 'ತನ', 'ಗಾರ', 'ಇಕೆ'ಗಳಿಗೆ. ಅದರಲ್ಲೂ 'ಗಾರ'ದ ಮೂಲ ಸಂಸ್ಕೃತದ 'ಕಾರ' ಎಂದು ಹೇಳುವ ವಿದ್ವಾಂಸರಿದ್ದಾರೆ. ಪಾಲುದಾರನ 'ದಾರ' ಪಾರಸಿಯದು, ಬೇಜವಾಬ್ದಾರಿಯ 'ಬೇ' ಕೂಡ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಭವಿಷ್ಯವಾಣಿಯ ಹೆಸರಾದ 'ಕಾರಣಿಕ'ದಲ್ಲಿ ಬೇರೂ ಸಂಸ್ಕೃತದ್ದು, ಹಿನ್ನೊಟ್ಟೂ ಸಂಸ್ಕೃತದ್ದು. ಅಲ್ಲಿ ಸೇರುವ ಕುರಿಗಾರನಿಗೆ ಅದು ಪರಕೀಯವೆನಿಸಿದ್ದುಂಟೆ? ಹಿನ್ನೊಟ್ಟಿನ ಕುಲ ಕೇಳುವ ಬದಲು ಇಂದು ಅದು ದುಡಿಯುತ್ತದೆಯೇ ಎಂದು ನೋಡಿದ್ದರೆ ಭಟ್ಟರ ಪದಗಳು ಇನ್ನಷ್ಟು ದೂರ ಹೋಗುತ್ತಿದ್ದವು. ಆಡುಮಾತನ್ನೇ ಪ್ರಮಾಣವೆಂದವರು ಅವರು. ಅದೇ ಮಾತಿನ ಈ ಬೆರಕೆ ಗುಣ ಪದ ಕಟ್ಟುವಾಗ ಅವರಿಗೆ ಬೇಡವಾಯಿತು.

ಅವರ ವಾದ ಗಟ್ಟಿಯಾಗಿ ನಿಲ್ಲುವ ಜಾಗ ಇನ್ನೊಂದಿದೆ. ಇಂಗ್ಲಿಷ್ ನಾಮಪದ, ಗುಣಪದಗಳಿಂದ ಹೇಳುವ ಎಷ್ಟೋ ಸಂಗತಿಗಳನ್ನು ಕನ್ನಡ ಕ್ರಿಯಾಪದದಿಂದ ಹೇಳುತ್ತದೆ ಎಂಬುದನ್ನು ಅವರು ಮತ್ತೆ ಮತ್ತೆ ತೋರಿಸಿದ್ದಾರೆ. 'ಏಬಲ್' ಕಂಡರೆ ಅನುವಾದಕರು 'ಮಡಚಬಹುದಾದ ಕುರ್ಚಿ' ಎಂದು ಹಾಸುತ್ತಾರೆ. ಇನ್ನು ಕೆಲವರು 'ಯೋಗ್ಯ', 'ಅರ್ಹ' ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಕೊಟ್ಟೂರಿನ ಪೇಟೆಯಲ್ಲಿ ಕೇಳಿದರೆ ಅದು ಬರೀ ಮಡಚೋ ಕುರ್ಚಿ.