ಕುದುರೆಯ ಪಡಿ: ಅಳತೆಯೋ ತೂಕವೋ

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕೆಲಸಕ್ಕೇ ಒಂದು ಪ್ರಕರಣ ಮೀಸಲಾಗಿದೆ. ಕುದುರೆಗೆ ಎಷ್ಟು ತಿನ್ನಿಸಬೇಕೆಂಬ ಪ್ರಶ್ನೆಯನ್ನು ಅದು ಎತ್ತಿಕೊಂಡ ರೀತಿ ಇವತ್ತಿಗೂ ಮೆಚ್ಚುವಂಥದ್ದು. ಪಡಿಗೆ ಮೊದಲು ಮೈ ಅಳೆಯುತ್ತದೆ: ಉತ್ತಮ ಕುದುರೆಯ ಮುಖ 32 ಅಂಗುಲ, ಉದ್ದ ಅದರ ಐದು ಪಟ್ಟು, ಸುತ್ತಳತೆ 100 ಅಂಗುಲ. ಇಂಥದ್ದಕ್ಕೆ ಎರಡು ದ್ರೋಣ ಧಾನ್ಯ. ಮೈ ಚಿಕ್ಕದಾದರೆ ಕಾಲುಪಾಲು ಕಡಿಮೆ. ಎಲ್ಲ ಕುದುರೆಗೂ ಒಂದೇ ಡಬ್ಬ ಸುರಿಯುವ ಲಾಯಗಳಿಗಿಂತ ಇದು ಎಷ್ಟೋ ವಿವೇಕದ ದಾರಿ. ಆದರೆ ತಪ್ಪೂ ಅಲ್ಲಿಯೇ ಇದೆ. ಬತ್ತವಾಗಲಿ, ಜವೆಯಾಗಲಿ, ನವಣೆಯಾಗಲಿ, ಪಡಿ ಮಾತ್ರ ಅದೇ ಎರಡು ದ್ರೋಣ. ದ್ರೋಣವೋ 200 ಪಲ ಉದ್ದು ಹಿಡಿಸುವ ಪಾತ್ರೆ. ಕಾಳು ಬದಲಾದೊಡನೆ ಅದರೊಳಗಿನ ತೂಕವೂ ಬದಲಾಗುತ್ತದೆ. ಹುಲ್ಲಿಗೆ ಹೊರೆಯ ತೂಕವನ್ನು ಹೇಳಿದ ಗ್ರಂಥ ಕಾಳಿಗೆ ಪಾತ್ರೆಯನ್ನೇ ನೆಚ್ಚಿಕೊಂಡಿತು.

ನಮ್ಮ ಸೇರು, ಪಾವು, ಎಣ್ಣೆಡಬ್ಬಗಳು ಆ ತಪ್ಪನ್ನೇ ಮುಂದುವರಿಸಿವೆ. ಒಂದು ಲೀಟರ್ ಡಬ್ಬದಲ್ಲಿ ಗೋಧಿ ಬೂಸಾ ಕಾಲು ಕಿಲೋ ಕೂಡ ತೂಗುವುದು ಕಷ್ಟ; ಓಟ್ಸ್ ಸುಮಾರು ಅರ್ಧ ಕಿಲೋ, ಮುಸುಕಿನ ಜೋಳ ಮುಕ್ಕಾಲು ಕಿಲೋದ ಹತ್ತಿರ. ಜೋಳದಲ್ಲಿ ಕಸುವೂ ಹೆಚ್ಚು. ಹಾಗಾಗಿ ಓಟ್ಸ್ ತೀರಿತೆಂದು ಅದೇ ಡಬ್ಬದಲ್ಲಿ ಜೋಳ ಹಾಕಿದವನು ಕುದುರೆಗೆ ಹೆಚ್ಚುಕಡಿಮೆ ಎರಡರಷ್ಟು ಶಕ್ತಿಯ ಆಹಾರವನ್ನು ಅರಿವಿಲ್ಲದೆ ತಿನ್ನಿಸಿರುತ್ತಾನೆ. ದೇಹಕ್ಕೆ ಹೋಲಿಸಿದರೆ ಕುದುರೆಯ ಜಠರ ಬಲು ಸಣ್ಣದು. ಸಣ್ಣ ಕರುಳಿನಲ್ಲಿ ಅರಗದೆ ಉಳಿದ ಪಿಷ್ಟ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ. ಹೊಟ್ಟೆಶೂಲೆ, ಗೊರಸಿನೊಳಗಿನ ಉರಿಯೂತ ಹೀಗೆ ಹುಟ್ಟಿಕೊಳ್ಳುತ್ತವೆ. ಗೊರಸು ಹಾಳಾದ ಕುದುರೆಯ ನರಳಾಟಕ್ಕೆ ಮುಂದೆ ಕೊಡುವ ಯಾವ ಔಷಧವೂ ಸಾಟಿಯಲ್ಲ. ತಕ್ಕಡಿಯ ಪರ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಕಾಳು ತೂಗಬಹುದು, ಕುದುರೆಯನ್ನು ತೂಗುವುದು ಹೇಗೆ ಎಂಬ ಆಕ್ಷೇಪ ಸಹಜ. ಅದಕ್ಕೆ ದರ್ಜಿಯ ಟೇಪು ಸಾಕು. ಮುಂಗಾಲ ಹಿಂದಿನ ಎದೆಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ವರ್ಗ ಮಾಡಿ, ಭುಜದ ಮುಂತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಅಂದಾಜು ತೂಕ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 165, ಉದ್ದ 145 ಇದ್ದರೆ ಸುಮಾರು 332 ಕಿಲೋ. ಇದು ಕರಾರುವಾಕ್ಕಲ್ಲ, ನಿಜ. ಸುತ್ತಳತೆಯನ್ನು ವರ್ಗ ಮಾಡುವುದರಿಂದ ಐದು ಸೆಂಟಿಮೀಟರ್ ಹೆಚ್ಚು ಹಿಡಿದರೆ 20 ಕಿಲೋ ಏರುತ್ತದೆ. ಗಬ್ಬದ ಕುದುರೆಗೂ ಮರಿಗೂ ಈ ಲೆಕ್ಕ ಒಗ್ಗುವುದಿಲ್ಲ. ಆದರೂ ಒಂದೇ ಕೈ, ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಅಳೆಯುತ್ತ ಬಂದರೆ ತಪ್ಪು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ, ಏರಿಳಿತ ನಿಚ್ಚಳವಾಗಿ ತೋರುತ್ತದೆ. ನಮಗೆ ಬೇಕಿರುವುದು ಆ ಏರಿಳಿತವೇ.

ಪಳಗಿದ ಸೈಸನ ಕಣ್ಣಿಗಿಂತ ಟೇಪು ಮೇಲೇ ಎಂದು ಕೇಳುವವರಿದ್ದಾರೆ. ಆ ಕಣ್ಣನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪಕ್ಕೆಲುಬು, ಬಾಲದ ಬುಡ, ಕತ್ತಿನ ಮೇಲಿನ ಕೊಬ್ಬನ್ನು ಮುಟ್ಟಿ ನೋಡಿ 1ರಿಂದ 9ರವರೆಗೆ ಅಂಕ ಕೊಡುವ, 1983ರಲ್ಲಿ ಹೆನೆಕೆ ರೂಪಿಸಿದ ಪದ್ಧತಿ ನಿಂತಿರುವುದು ಕಣ್ಣು ಕೈಗಳ ಮೇಲೆಯೇ. ಆದರೆ ದಿನಾ ನೋಡುವ ಕಣ್ಣಿಗೆ ದಿನಕ್ಕಿಷ್ಟೇ ಇಳಿಯುವ ಮೈ ಕಾಣಿಸದು. ಬರೆದಿಟ್ಟ ಅಂಕಿ ಅದನ್ನು ಹಿಡಿಯುತ್ತದೆ. ತಕ್ಕಡಿಗೆ ದುಡ್ಡೆಲ್ಲಿ ಎಂಬ ಟಾಂಗಾದವನ ಮಾತು ಇದಕ್ಕಿಂತ ಗಟ್ಟಿಯಾದದ್ದು. ಅವನು ಡಬ್ಬ ಬಿಸಾಡಬೇಕಿಲ್ಲ. ಮೂಟೆ ತಂದ ಅಂಗಡಿಯಲ್ಲೇ ಒಂದು ಕಿಲೋ ತೂಗಿಸಿ, ಡಬ್ಬದೊಳಗೆ ಹುರುಳಿಗೊಂದು, ಬೂಸಾಕ್ಕೊಂದು ಗೆರೆ ಎಳೆದುಕೊಂಡರಾಯಿತು. ಹೊಸ ಮೂಟೆ ಬಂದಾಗ ಗೆರೆ ಮತ್ತೆ ನೋಡಿಕೊಳ್ಳಬೇಕು. ಹುಲ್ಲಿನ ಕಂತೆಯನ್ನೂ ಒಮ್ಮೆ ತೂಗಿಸಬೇಕು. ಮೈತೂಕದ ನೂರಕ್ಕೆ ಒಂದೂವರೆ ಪಾಲಾದರೂ ಒಣಮೇವು ಬೇಕೆಂದರೆ 332 ಕಿಲೋ ಕುದುರೆಗೆ ದಿನಕ್ಕೆ ಐದು ಕಿಲೋ. ಅಷ್ಟು ಸಿಗದ ಕುದುರೆಗೆ ಕಾಳು ಹೆಚ್ಚಿಸಿ ಆ ಕೊರತೆಯನ್ನು ತುಂಬಲಾಗದು.